ಮಗಳಿಗೊಂದು ಪತ್ರ: ತಿಂಗಳಿಗಾಗುವಷ್ಟು ಕಾಗದ ಮನೆಯಲ್ಲಿರಲಿ

ದಾಂಡೇಲಿ

ಚಿ. ಸೌ. ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದಗಳು. ಅಳಿಯಂದಿರಿಗೂ ಮೊಮ್ಮಗಳಿಗೂ ನಮ್ಮ ಆಶೀರ್ವಾದ ತಿಳಿಸು. ನಾನೂ ನಿನ್ನ ಅಮ್ಮನೂ ಇಲ್ಲಿ ಕ್ಷೇಮವಾಗಿದ್ದೇವೆ.

ಮೊನ್ನೆ ವಿಡಿಯೊ ಕರೆಯಲ್ಲಿ ಟಾಯ್ಲೆಟ್ ಪೇಪರನ್ನು ಮನೆಯಲ್ಲಿ ಕೂಡಿಡುವ ಮಾತು ಬಂದಾಗ, ಬೇಡವೆನ್ನಲು ನೀನು ಮೂರು ಕಾರಣ ಕೊಟ್ಟೆ. ರಸ್ತೆ ದಾಟಿದರೆ ಅಂಗಡಿ ಇದೆ, ನಮ್ಮವರಿಗೆ ಹೇಗೂ ನೀರಿನದೇ ಅಭ್ಯಾಸ, ಮನೆಯೋ ತೀರಾ ಚಿಕ್ಕದು. ಅಷ್ಟರಲ್ಲಿ ಮಗು ಅತ್ತಿತು, ನೀನು ಎದ್ದು ಹೋದೆ. ಮೂರಕ್ಕೂ ಉತ್ತರ ನನ್ನಲ್ಲೇ ಉಳಿಯಿತು. ಕಾಗದದ ಕಾರ್ಖಾನೆಯಲ್ಲಿ ಆಯಸ್ಸು ಸವೆಸಿದವನಿಗೆ ಈ ವಿಷಯದಲ್ಲಿ ಹೇಳುವುದು ಒಂದಿಷ್ಟು ಇರುತ್ತದೆ. ಬಿಡುವಾದಾಗ ಓದು.

ಅಂಗಡಿಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಕಾಗದದ ಯಂತ್ರ ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸುವಂಥದ್ದಲ್ಲ. ಮೂರು ಪಾಳಿಯಲ್ಲಿ ಹಗಲಿರುಳೂ ಓಡುತ್ತಿರುತ್ತದೆ. ನಮ್ಮಲ್ಲಿ ಬರೆಯುವ, ಅಚ್ಚು ಹಾಕುವ ಕಾಗದ ಬರುತ್ತಿತ್ತು. ಟಿಶ್ಯೂ ಯಂತ್ರ ಬೇರೆ ಬಗೆಯದಾದರೂ ಅದರ ಓಟವೂ ಹೀಗೆಯೇ. ಊರಿನವರು ಈ ತಿಂಗಳು ಬಳಸಿದಷ್ಟನ್ನೇ ಮುಂದಿನ ತಿಂಗಳೂ ಬಳಸುತ್ತಾರೆಂದು ಕಾರ್ಖಾನೆಗೆ ಗೊತ್ತು, ಅದಕ್ಕೆ ತಕ್ಕಷ್ಟೇ ಯಂತ್ರಗಳನ್ನು ಇಟ್ಟುಕೊಂಡಿರುತ್ತದೆ. ಒಮ್ಮೆಲೇ ಎರಡು ಪಟ್ಟು ಬೇಕೆಂದರೆ ಕೊಡುವ ಶಕ್ತಿ ಅದಕ್ಕಿಲ್ಲ. ಮೇಲಾಗಿ ಈ ಸರಕಿಗೆ ತೂಕವಿಲ್ಲ, ಬೆಲೆಯೂ ಹೆಚ್ಚಲ್ಲ, ಆದರೆ ಜಾಗವನ್ನೆಲ್ಲ ನುಂಗುತ್ತದೆ. ಹಾಗಾಗಿ ಸಗಟು ವ್ಯಾಪಾರಿಯಾಗಲಿ ಅಂಗಡಿಯವನಾಗಲಿ ಗೋದಾಮು ತುಂಬಿಸಿ ಇಡುವುದಿಲ್ಲ. ಬಂದ ಹಾಗೆ ಮಾರಿ ಮುಗಿಸುತ್ತಾರೆ. ನಿನ್ನ ಅಂಗಡಿಯ ಗೋಡೆಯುದ್ದಕ್ಕೂ ಪೇರಿಸಿರುವ ಪೊಟ್ಟಣಗಳನ್ನು ಎಣಿಸಿ ನೋಡು, ಸಂಖ್ಯೆ ಬಹಳ ಕಡಿಮೆ. ಮಾಮೂಲಿಗಿಂತ ಕೆಲವೇ ಜನ ಹೆಚ್ಚು ಬಂದರೂ ಗೋಡೆ ಬೋಳಾಗುತ್ತದೆ. ಬೋಳು ಗೋಡೆ ಕಂಡವರಿಗೆಲ್ಲ ಗಾಬರಿ ಹುಟ್ಟುತ್ತದೆ.

ನೀನಿರುವ ಜಪಾನಿನಲ್ಲಿ ಇದು ನಡೆದೇ ಇದೆ. 1973ರ ಅಕ್ಟೋಬರಿನಲ್ಲಿ ಪೆಟ್ರೋಲಿಯಂ ಬಿಕ್ಕಟ್ಟು ಶುರುವಾದಾಗ, ಎಣ್ಣೆಯಿಲ್ಲದೆ ಕಾಗದವೂ ಸಿಗದು ಎಂಬ ಸುದ್ದಿ ಹಬ್ಬಿತು. ನವೆಂಬರ್ 1ರಂದು ಒಸಾಕಾದ ಸೆನ್ರಿ ನ್ಯೂಟೌನಿನ ಒಂದು ಅಂಗಡಿಯ ಮುಂದೆ ಸುಮಾರು 300 ಮಂದಿ ಸಾಲುಗಟ್ಟಿದರು, ಇದ್ದದ್ದೆಲ್ಲ ನೋಡನೋಡುತ್ತಿದ್ದಂತೆ ಖಾಲಿಯಾಯಿತು. ಅಲ್ಲಿಂದ ಗಾಬರಿ ದೇಶವನ್ನೆಲ್ಲ ಹಿಡಿಯಿತು. ಆಗ ಕಾರ್ಖಾನೆಗಳು ಎಂದಿನಂತೆಯೇ ಓಡುತ್ತಿದ್ದವು. 2020ರ ಫೆಬ್ರವರಿ ಕೊನೆಯಲ್ಲಿ ಮತ್ತೆ ಅದೇ ಕಥೆ. ಚೀನಾದಿಂದ ಬರುವುದು ನಿಂತುಹೋಗುತ್ತದೆ ಎಂದು ಯಾರೋ ಹಬ್ಬಿಸಿದರು. ಜಪಾನಿನವರು ಬಳಸುವ ಟಾಯ್ಲೆಟ್ ಪೇಪರ್ ಹೆಚ್ಚುಕಡಿಮೆ ಎಲ್ಲವೂ ಜಪಾನಿನಲ್ಲೇ ತಯಾರಾಗುವಂಥದ್ದು. ಸರಕಾರ ಹೇಳಿತು, ತಯಾರಕರ ಸಂಘವೂ ಹೇಳಿತು. ಆದರೂ ಅಂಗಡಿಗಳು ಬರಿದಾದವು. ಮನೆಯಲ್ಲಿ ತಿಂಗಳಿಗಾಗುವಷ್ಟು ಇದ್ದವರು ಆ ವಾರ ಮನೆಯಲ್ಲೇ ಇದ್ದರು. ಮನೆಯಲ್ಲಿ ಕಾಗದ ಮುಗಿದುಹೋಗಿದ್ದ ಮುದುಕರು, ಹಸುಗೂಸಿನ ತಾಯಂದಿರು ಅಂಗಡಿಯಿಂದ ಅಂಗಡಿಗೆ ಅಲೆದರು. ನೀನು ಆ ಸಾಲಿನಲ್ಲಿ ನಿಲ್ಲಬಾರದು ಎಂಬುದು ನನ್ನ ಆಸೆ. ಸಾಲಿನಲ್ಲಿ ನಿಂತವರ ಪಾಲನ್ನು ನೀನು ಕಸಿಯಬಾರದು ಎಂಬುದೂ ಅಷ್ಟೇ ದೊಡ್ಡ ಆಸೆ. ಸಂತೆ ಶಾಂತವಾಗಿರುವಾಗ ವಾರಕ್ಕೊಂದು ಪೊಟ್ಟಣ ಹೆಚ್ಚಿಗೆ ತಂದರೆ ಯಾರಿಗೂ ತೊಂದರೆಯಿಲ್ಲ. ಗಾಬರಿಯ ದಿನ ತಂದ ಒಂದೇ ಪೊಟ್ಟಣದಿಂದಲೂ ಇನ್ನೊಬ್ಬರಿಗೆ ತೊಂದರೆಯಾಗುತ್ತದೆ.

ಇದುವರೆಗೆ ಹೇಳಿದ್ದು ಬರೀ ಸುದ್ದಿಯಿಂದ ಆದ ಅಭಾವ. ನನಗೆ ಹೆಚ್ಚು ಚಿಂತೆ ಇರುವುದು ನಿಜವಾದ ಅಭಾವದ್ದು. ಜಪಾನಿನ ಟಾಯ್ಲೆಟ್ ಪೇಪರಿನಲ್ಲಿ ಸುಮಾರು ಶೇಕಡಾ 40 ಶಿಜುವೊಕಾ ಪ್ರಾಂತ್ಯ ಒಂದರಿಂದಲೇ ಬರುತ್ತದೆ. ಫುಜಿ ಪರ್ವತದ ಬುಡದ ನೀರು, ಹಳೆಯ ಕಾಗದದ ಕಸುಬು, ಟೋಕಿಯೊದ ಮಾರುಕಟ್ಟೆ ಹತ್ತಿರ. ಕಾಗದದ ಊರು ಬೆಳೆಯಲು ಇನ್ನೇನು ಬೇಕು? ಆದರೆ ಬಹುದೊಡ್ಡ ಭೂಕಂಪ ಬರಬಹುದೆಂದು ಅವರು ಕಾಯುತ್ತಿರುವ ನಂಕಾಯ್ ಎಂಬ ಸಮುದ್ರತಳದ ಕಂದಕ ಅದೇ ಕರಾವಳಿಯ ಮುಂದಿದೆ. ಅಲ್ಲಿಯ ಗಿರಣಿಗಳು ನಿಂತರೆ ಉಳಿದ ಊರುಗಳವು ತಕ್ಷಣ ಆ ಕೊರತೆ ತುಂಬಲಾರವು. ಈ ಕಾರಣಕ್ಕೇ ಜಪಾನಿನ ಆರ್ಥಿಕ ಸಚಿವಾಲಯ 2014ರಿಂದ, ಪ್ರತಿ ಮನೆಯಲ್ಲೂ ಒಂದು ತಿಂಗಳಿನ ಟಾಯ್ಲೆಟ್ ಪೇಪರ್ ಇರಲಿ ಎಂದು ಹೇಳುತ್ತಾ ಬಂದಿದೆ. ಕಾಗದದ ಕಸುಬು ಬಲ್ಲವರು ಮಾಡಿದ ಲೆಕ್ಕ ಅದು, ಅದರಲ್ಲಿ ನನಗೆ ಪೂರ್ತಿ ನಂಬಿಕೆ.

2011ರ ಸುನಾಮಿಯಲ್ಲಿ ಇಶಿನೊಮಾಕಿಯ ದೊಡ್ಡ ಕಾಗದದ ಗಿರಣಿಗೆ ಸಮುದ್ರ ನುಗ್ಗಿತು. ಅದು ಪುಸ್ತಕದ ಕಾಗದ ಮಾಡುತ್ತಿದ್ದ ಗಿರಣಿ. ಮಣ್ಣು ಬಳಿದು, ಯಂತ್ರ ಬಿಚ್ಚಿ ತೊಳೆದು, ಒಂದು ಯಂತ್ರವನ್ನು ಮತ್ತೆ ಓಡಿಸುವಷ್ಟರಲ್ಲಿ ಸೆಪ್ಟೆಂಬರ್ ಆಗಿತ್ತು. ಯಂತ್ರದ ಉರುಳೆಗಳ ನಡುವೆ ಕೆಸರು ಸೇರಿದರೆ ಏನಾಗುತ್ತದೆಂದು ನನಗೆ ಗೊತ್ತು. ಆರು ತಿಂಗಳಲ್ಲಿ ಅವರು ಅದನ್ನು ಎಬ್ಬಿಸಿ ನಿಲ್ಲಿಸಿದ್ದು ಸಾಹಸವೇ ಸರಿ. ಆದರೂ ಅದು ಅರ್ಧ ವರ್ಷ, ಮರೆಯಬೇಡ.

ಇನ್ನು ನೀರಿನ ಮಾತು. ನೀರಿನ ಅಭ್ಯಾಸವೇ ಮೇಲು ಎಂದು ನಾನೂ ಒಪ್ಪುತ್ತೇನೆ. ಆದರೆ ಭೂಕಂಪವಾದಾಗ ಮೊದಲು ಕೈಕೊಡುವುದೇ ವಿದ್ಯುತ್ತು ಮತ್ತು ನಲ್ಲಿ. ನಿಮ್ಮ ಮನೆಯ ಗುಂಡಿ ಒತ್ತಿದರೆ ನೀರು ಚಿಮ್ಮುವ ಕಮೋಡು ಎರಡೂ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. 2024ರ ಜನವರಿ 1ರ ನೋಟೊ ಭೂಕಂಪದ ನಂತರ ವಾಜಿಮಾ, ಸುಜು ಕಡೆ ಎಷ್ಟೋ ಮನೆಗಳಿಗೆ ತಿಂಗಳುಗಟ್ಟಲೆ ನಲ್ಲಿ ನೀರು ಬರಲಿಲ್ಲ. ಕುಡಿಯಲು ಸಾಲದ ನೀರನ್ನು ತೊಳೆಯಲು ಎಲ್ಲಿಂದ ತರುತ್ತೀಯ? ಕೊಳಚೆ ಕೊಳವೆ ಒಡೆದಿಲ್ಲವೆಂದು ಖಾತ್ರಿಯಾಗುವವರೆಗೆ ಕಮೋಡಿಗೆ ನೀರನ್ನೂ ಸುರಿಯಬಾರದು. ಅದಕ್ಕೆಂದೇ ಚೀಲ ಮತ್ತು ಹೀರುವ ಪುಡಿ ಇರುವ ತುರ್ತು ಶೌಚದ ಪೊಟ್ಟಣಗಳು ಅಲ್ಲಿ ಸಿಗುತ್ತವೆ. ಒಬ್ಬರಿಗೆ ದಿನಕ್ಕೆ ಐದರಂತೆ ಒಂದು ವಾರಕ್ಕೆ 35 ಎಂದು ಅಲ್ಲಿಯವರ ಲೆಕ್ಕ. ಕಾಗದದ ಪಕ್ಕದಲ್ಲೇ ಅವನ್ನೂ ಇಡು.

ಟಾಯ್ಲೆಟ್ ಪೇಪರ್ ಮುಗಿದರೆ ಡಬ್ಬಿಯ ಟಿಶ್ಯೂ ಇದೆಯಲ್ಲ ಎನ್ನಬೇಡ. ಎರಡು ಲೋಟ ನೀರು ತೆಗೆದುಕೋ. ಒಂದರಲ್ಲಿ ಟಾಯ್ಲೆಟ್ ಪೇಪರಿನ ಚೂರು, ಇನ್ನೊಂದರಲ್ಲಿ ಮೂಗು ಒರೆಸುವ ಟಿಶ್ಯೂ ಹಾಕಿ ಚಮಚದಿಂದ ಕಲಕು. ಮೊದಲನೆಯದು ಮೋಡದ ಹಾಗೆ ಬಿಚ್ಚಿಕೊಂಡು ನಾರುನಾರಾಗುತ್ತದೆ. ಎರಡನೆಯದು ತೊಪ್ಪೆಯಾಗಿ ಹಾಗೆಯೇ ಉಳಿಯುತ್ತದೆ. ಒದ್ದೆಯಾದಾಗಲೂ ಹರಿಯದಿರಲೆಂದು ಅದಕ್ಕೆ ಒಂದು ಬಗೆಯ ರಾಳ ಬೆರೆಸಿರುತ್ತಾರೆ. ಅಡುಗೆಮನೆಯ ಕಾಗದಕ್ಕೂ ಹಾಗೆಯೇ. ಅವೆರಡೂ ಕಮೋಡಿಗೆ ಬಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಒಂದರ ಬದಲು ಇನ್ನೊಂದು ನಡೆಯದು, ಮೂರೂ ಇರಬೇಕು. ಅಡುಗೆಮನೆಯ ಕಾಗದವನ್ನು ಮಾತ್ರ ಒಂದು ಕೈ ಹೆಚ್ಚೇ ಇಡು. ನಲ್ಲಿ ನಿಂತಾಗ ತಟ್ಟೆ ಒರೆಸಲು, ಮಗುವಿನ ಬಾಯಿ ಒರೆಸಲು ಅದೇ ಗತಿ.

ಎಷ್ಟು ಬೇಕೆಂದು ಬೇರೆಯವರ ಲೆಕ್ಕ ನೆಚ್ಚಬೇಡ, ನಿನ್ನ ಮನೆಯ ಲೆಕ್ಕ ಮಾಡು. ಹೊಸ ಸುರುಳಿ ಸಿಕ್ಕಿಸುವಾಗ ಅದರ ಕೊಳವೆಯ ಒಳಗೆ ಪೆನ್ನಿನಿಂದ ದಿನಾಂಕ ಬರೆ. ಮುಗಿದಾಗ ಕೊಳವೆ ನಿನ್ನ ಕೈಗೆ ಬರುತ್ತದೆ, ಎಷ್ಟು ದಿನ ಬಂತೆಂದು ಅದೇ ಹೇಳುತ್ತದೆ. ಒಂದು ಪದರದ 60 ಮೀಟರಿನ ಸುರುಳಿ ಒಬ್ಬರಿಗೆ ಸುಮಾರು ವಾರ ಬರುತ್ತದೆ ಎಂದಿಟ್ಟುಕೊಂಡರೆ, ನಿಮ್ಮಿಬ್ಬರಿಗೆ ತಿಂಗಳಿಗೆ ಎಂಟು ಒಂಬತ್ತು. ಹನ್ನೆರಡರ ಒಂದು ಪೊಟ್ಟಣ ಒಡೆಯದೆ ಇದ್ದರೆ ಸಾಕು, ಬಳಸುವುದು ಬೇರೆ. ಎರಡು ಪದರದ ಸುರುಳಿ ಅಷ್ಟೇ ದಪ್ಪವಿದ್ದರೂ ಉದ್ದದಲ್ಲಿ ಅದರ ಅರ್ಧ. ಮಗುವಿನ ಡೈಪರ್, ನಿನ್ನ ಪ್ಯಾಡುಗಳು ಕೂಡ ಮರದ ನಾರಿನವೇ. ಗಾಬರಿಯ ದಿನ ಅವೂ ಮಾಯವಾಗುತ್ತವೆ. ಆದರೆ ಡೈಪರನ್ನು ತಿಂಗಳಿಗಿಂತ ಹೆಚ್ಚು ಕೊಳ್ಳಬೇಡ. ಮಗು ಬೆಳೆಯುತ್ತದೆ, ಅಳತೆ ಬದಲಾಗುತ್ತದೆ.

ಜಾಗದ ಮಾತಿಗೆ ಬರುತ್ತೇನೆ. ಕಳೆದ ಬಾರಿ ಟೋಕಿಯೊದ ನಿಶಿ ಕಸಾಯಿಯ ನಿಮ್ಮ ಮನೆಗೆ ಬಂದಿದ್ದಾಗ ನೋಡಿದ್ದೇನೆ, ಬಟ್ಟೆಯ ಕಪಾಟಿನ ಮೇಲಿನ ಅರೆಯಲ್ಲಿ ಸೂಟ್‌ಕೇಸ್ ಮತ್ತು ಪಾತ್ರೆಯ ಪೆಟ್ಟಿಗೆ ಇವೆ. ಭೂಮಿ ನಡುಗಿದರೆ ಅವು ಮಲಗಿದವರ ಮೇಲೆ ಬೀಳುತ್ತವೆ. ಅವನ್ನು ಇಂದೇ ಕೆಳಗಿಳಿಸು, ಅಲ್ಲಿ ಕಾಗದ ಇಡು. ಬಿದ್ದರೂ ಪೆಟ್ಟಾಗದ ಸಾಮಾನು ಅದೊಂದೇ. ಇನ್ನೂ ಕಡಿಮೆ ಜಾಗ ಬೇಕೆಂದರೆ, ಕೊಳವೆಯಿಲ್ಲದೆ ಬಿಗಿಯಾಗಿ ಸುತ್ತಿದ 150 ಮೀಟರಿನ ಸುರುಳಿ ಅಲ್ಲಿ ದಾಸ್ತಾನಿಗೆಂದೇ ಸಿಗುತ್ತದೆ. ಅಂಥವು ಆರಿದ್ದರೆ ನಾಲ್ಕು ಜನರಿಗೆ ಸುಮಾರು ಒಂದು ತಿಂಗಳು. ಗೋಡೆಯ ಹಿಡಿಕೆಗೆ ಅದು ಕೂರುತ್ತದೆಯೇ ಎಂದು ಒಂದನ್ನು ಮೊದಲು ತಂದು ನೋಡು.

ಕಾಗದಕ್ಕೆ ಶತ್ರು ತೇವ. ಇಲ್ಲಿಯ ಆಷಾಢದ ಮಳೆಯಲ್ಲಿ ರೀಮುಗಳು ಉಬ್ಬಿ ಅಂಚು ಅಲೆಯಾಗುವುದನ್ನು ನೀನು ಚಿಕ್ಕಂದಿನಿಂದ ಕಂಡವಳು. ಅಲ್ಲಿಯೂ ಜೂನ್, ಜುಲೈನಲ್ಲಿ ಅಂಥದೇ ಹಸಿ ಹವೆ. ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚಬೇಡ. ಹೊರಗೋಡೆಗೆ ತಾಗಿಸಿ ಇಡಬೇಡ, ಸ್ನಾನದ ಮನೆಯ ಪಕ್ಕದಲ್ಲಂತೂ ಬೇಡವೇ ಬೇಡ. ಹೀಟರಿನಿಂದ ದೂರವಿರಲಿ. ನುಸಿಗುಳಿಗೆ, ಸಾಂಬಾರಿನ ಪುಡಿ ಇರುವ ಕಡೆ ಇಟ್ಟರೆ ಕಾಗದ ಆ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಹೊಸದು ತಂದಾಗ ಹಿಂದೆ ಇಡು, ಹಳೆಯದನ್ನು ಮುಂದಕ್ಕೆ ತಂದು ಬಳಸು. ಮಳೆಗಾಲಕ್ಕೆ ಮೊದಲು ಕಟ್ಟಿಗೆ, ಬೆಲ್ಲ, ಹಪ್ಪಳ ಕೂಡಿಡುತ್ತಿದ್ದ ನಿನ್ನ ಅಜ್ಜಿಯ ಅಟ್ಟದ ಕ್ರಮವೂ ಇದೇ ಆಗಿತ್ತು.

ಸೆಪ್ಟೆಂಬರ್ 1, ಅಂದರೆ 1923ರ ಕಾಂಟೊ ಭೂಕಂಪದ ದಿನ, ಅಲ್ಲಿ ವಿಪತ್ತು ತಡೆಯ ದಿನವೆಂದು ಆಚರಿಸುತ್ತಾರಲ್ಲ, ಅಂದೊಮ್ಮೆ ಎಲ್ಲವನ್ನೂ ತೆಗೆದು ನೋಡು. 2011ರ ಸುನಾಮಿಯ ದಿನವಾದ ಮಾರ್ಚ್ 11ರಂದು ಇನ್ನೊಮ್ಮೆ. ಪಕ್ಕದ ಮನೆಯ ಅಜ್ಜಿ ಒಬ್ಬರೇ ಇರುತ್ತಾರೆಂದು ನೀನು ಹೇಳಿದ್ದೆ. ಅವರ ಹೆಸರಿನಲ್ಲೂ ನಾಲ್ಕು ಸುರುಳಿ ಹೆಚ್ಚಿಗೆ ಇಡು. ಅಂಥ ದಿನ ಅವರು ಕೇಳಲು ಸಂಕೋಚಪಡುತ್ತಾರೆ, ನೀನೇ ಹೋಗಿ ಕೊಡು.

ಅಮ್ಮ ಏಪ್ರಿಲ್‌ನಲ್ಲಿ ಬರುತ್ತಾಳೆ, ಮೂರು ತಿಂಗಳು ಇರುತ್ತಾಳೆ. ಅಷ್ಟು ದಿನ ಲೆಕ್ಕಕ್ಕೆ ಒಬ್ಬರನ್ನು ಸೇರಿಸಿಕೋ. ಮೇಲಿನ ಅರೆ ಖಾಲಿ ಮಾಡಿದ ಮೇಲೆ ಒಂದು ಫೋಟೊ ಕಳಿಸು, ಹೇಗೆ ಪೇರಿಸಬೇಕೆಂದು ಹೇಳುತ್ತೇನೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ