ರಿಕಾಪು ಇರಲಿ, ಮನುಷ್ಯರು ಎಲ್ಲಿ?

ಮಾನ್ಯರೇ,

ಪ್ರಾಚೀನ ಕಾಲದ ಯಾವ ಸಿನಿಮಾ ಬಂದರೂ ತಪ್ಪು ಹುಡುಕುವವರ ಕಣ್ಣು ಮೊದಲು ಹೋಗುವುದು ಕುದುರೆಯ ಮೇಲೆ. ರೋಮನ್ ಸವಾರ ರಿಕಾಪಿನಲ್ಲಿ, ಅಂದರೆ ಜೀನಿನಿಂದ ಇಳಿಬಿದ್ದ ಪಾದದ ಬಳೆಯಲ್ಲಿ, ಕಾಲಿಟ್ಟಿದ್ದಾನೆ ಎಂದು ನಗುತ್ತಾರೆ. ಮಾತು ನಿಜವೇ. ರೋಮನ್ನರ ಕಾಲದ ಜೀನಿಗೆ ರಿಕಾಪು ಇರಲಿಲ್ಲ. ಅದರ ನಾಲ್ಕು ಮೂಲೆಗಳಲ್ಲಿ ಕೊಂಬಿನಂಥ ಉಬ್ಬುಗಳಿದ್ದವು. ಸವಾರ ಬೀಳದಂತೆ ಅವೇ ತೊಡೆಯನ್ನು ಒತ್ತಿ ಹಿಡಿಯುತ್ತಿದ್ದವು. ಹಾಗಂತ ಇವತ್ತಿನ ನಟ ಓಡುವ ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಳ್ಳಲಿ ಅನ್ನೋಕಾಗುತ್ತಾ? ಇಂಥ ತಪ್ಪಿಗೆ ನನ್ನ ತಕರಾರಿಲ್ಲ.

ಕಥೆಗಾಗಿ ಒಂದಿಷ್ಟು ಬದಲಾಯಿಸಿದರೂ ಸರಿಯೇ. 2000ರ ‘ಗ್ಲಾಡಿಯೇಟರ್’ನಲ್ಲಿ ರೋಮನ್ ಚಕ್ರವರ್ತಿ ಕೊಮೊಡಸ್ ಅಖಾಡದಲ್ಲೇ ಸಾಯುತ್ತಾನೆ. ನಿಜದಲ್ಲಿ ಅಪ್ಪ ಸತ್ತ ಮೇಲೆ 12 ವರ್ಷ ಆಳಿದ ಅವನನ್ನು, ಕ್ರಿ.ಶ. 192ರಲ್ಲಿ ಕುಸ್ತಿಪಟುವೊಬ್ಬ ಕತ್ತು ಹಿಸುಕಿ ಕೊಂದ. ಸಾವು ಸುಳ್ಳಾದರೂ ಆಸಾಮಿ ಸುಳ್ಳಲ್ಲ. ಅಖಾಡಕ್ಕಿಳಿಯುವ ಹುಚ್ಚು ಅವನಿಗೆ ನಿಜಕ್ಕೂ ಇತ್ತು.

ನನಗೆ ಸಿಟ್ಟು ಬರುವುದು ‘300’ರಂಥ ಸಿನಿಮಾ ನೋಡಿದಾಗ. ಗ್ರೀಸಿನ ಸ್ಪಾರ್ಟ ಎಂಬ ಊರಿನ 300 ಯೋಧರು ಪರ್ಷಿಯದ (ಇಂದಿನ ಇರಾನ್) ದೊಡ್ಡ ಸೈನ್ಯದ ಎದುರು ನಿಂತ ಕಥೆ ಅದು. ಯೋಧರು ಎದೆಕವಚವಿಲ್ಲದೆ ಬರಿಮೈಯಲ್ಲಿ ಕಾದಾಡುವುದನ್ನೂ ಬಿಟ್ಟುಬಿಡೋಣ. ಕ್ರಿ.ಪೂ. 480ರಲ್ಲಿ ಗ್ರೀಸಿನ ಥರ್ಮೋಪಿಲೆ ಕಣಿವೆಯಲ್ಲಿ ಯುದ್ಧದ ಕೊನೆಯ ದಿನ ಸ್ಪಾರ್ಟದವರ ಜೊತೆ ನಿಂತು ಸತ್ತವರಲ್ಲಿ ಥೆಸ್ಪಿಯೆ ಎಂಬ ಸಣ್ಣ ಊರಿನವರೂ ಇದ್ದರು. ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವಂತೆ ಅವರು 700 ಮಂದಿ, ಸ್ಪಾರ್ಟದವರಿಗಿಂತ ಜಾಸ್ತಿ! ಬೇಕಿದ್ದರೆ ವಾಪಸ್ ಹೋಗಬಹುದಿತ್ತು, ಹೋಗಲಿಲ್ಲ. ಸಿನಿಮಾದಲ್ಲಿ ಅವರಿಗೆ ಜಾಗವೇ ಇಲ್ಲ. ಇನ್ನು ಸ್ಪಾರ್ಟದವರು ಮಾತೆತ್ತಿದರೆ ಸ್ವಾತಂತ್ರ್ಯದ ಭಾಷಣ ಹೊಡೆಯುತ್ತಾರೆ. ಅವರ ಹೊಲ ಉಳುತ್ತಿದ್ದ ಹೆಲಟ್ ಎಂಬ ಜೀತದಾಳುಗಳ ಸುದ್ದಿಯೇ ಬರುವುದಿಲ್ಲ.

ಪರ್ಷಿಯದವರ ಗತಿ ಇನ್ನೂ ಕೆಟ್ಟದ್ದು. ಅವರ ರಾಜಧಾನಿಯಾಗಿದ್ದ ಪರ್ಸೆಪೊಲಿಸ್‌ನ ಕಲ್ಲಿನ ಉಬ್ಬುಶಿಲ್ಪಗಳಲ್ಲಿ ಅಲ್ಲಿನ ರಾಜರಿಗೆ ಗುಂಗುರು ಕೆತ್ತಿದ ಉದ್ದ ಗಡ್ಡವಿದೆ, ಮೈತುಂಬ ನೆರಿಗೆಯ ನಿಲುವಂಗಿ ಇದೆ. ಸಿನಿಮಾದಲ್ಲಿ ಅವರ ರಾಜ ಕ್ಸರ್ಕ್ಸಸ್ ಬೋಳುತಲೆಯ, ಅರೆಬೆತ್ತಲೆ ದೈತ್ಯ. ಅವನ ಸೈನಿಕರಲ್ಲಿ ಎಷ್ಟೋ ಜನ ರಾಕ್ಷಸರ ಹಾಗಿದ್ದಾರೆ. ಇರಾನಿನವರು ಪ್ರತಿಭಟಿಸಿದ್ದು ಸುಮ್ನೆ ಅಲ್ಲ.

‘ಇದು ಕಾಮಿಕ್ಸ್ ಪುಸ್ತಕ ಆಧರಿಸಿದ ಕಲ್ಪನೆ’ ಎಂಬ ಸಮಜಾಯಿಷಿ ಇದ್ದೇ ಇದೆ. ಕಲ್ಪನೆಯಾದರೆ ರಾಜನ ಹೆಸರು, ಊರಿನ ಹೆಸರು, ಯುದ್ಧದ ಹೆಸರು ಎಲ್ಲವೂ ನಿಜದ್ದೇ ಏಕೆ ಬೇಕಿತ್ತು?

ನಿಮ್ಮ ಚಿತ್ರ ವಿಮರ್ಶಕರಲ್ಲಿ ಒಂದು ಕೋರಿಕೆ. ಇಂಥ ಸಿನಿಮಾ ಬಂದಾಗ ಸೆಟ್ ಭವ್ಯ, ಗ್ರಾಫಿಕ್ಸ್ ಅದ್ಭುತ ಎಂದು ಧಾರಾಳವಾಗಿ ಬರೆಯಲಿ. ಅದರ ಜೊತೆಗೆ, ಇತಿಹಾಸದಲ್ಲಿದ್ದ ಯಾರನ್ನು ಕೈಬಿಟ್ಟಿದ್ದಾರೆ, ಯಾರಿಗೆ ಕೋರೆಹಲ್ಲು ಅಂಟಿಸಿದ್ದಾರೆ ಎಂದು ಎರಡು ಸಾಲು ಸೇರಿಸಲಿ.

– ಒಬ್ಬ ಓದುಗ