ನಮ್ಮ ಹಗೇವಿನಲ್ಲಿ ಎಷ್ಟಿದೆ? ಕೋಲಾರದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಿನ ಒಬ್ಬ ನಿವೃತ್ತ ಮೇಷ್ಟ್ರು. ಟೊಮೆಟೊ ರೇಟು, ಕೆ.ಸಿ. ವ್ಯಾಲಿ ನೀರು, ರಸ್ತೆ ಅಂತ ನಿಮ್ಮ ಮೇಜಿನ ಮೇಲೆ ಅರ್ಜಿಗಳು ರಾಶಿ ಬಿದ್ದಿರುತ್ತವೆ. ನನ್ನದು ಅಲಿಪ್ತ ನೀತಿಯ ಬಗ್ಗೆ, ಅಂದರೆ ಅಮೆರಿಕ, ಸೋವಿಯತ್ ಎರಡೂ ಬಣಕ್ಕೆ ಸೇರದೆ ಇರುವ ನೀತಿ. ನಗಬೇಡಿ, ದೇಶದ ತೈಲ ದಾಸ್ತಾನಿನ ಬಗ್ಗೆ ಸದನದಲ್ಲಿ ನೀವು ಕೇಳಲೇಬೇಕಾದ ಪ್ರಶ್ನೆಯೊಂದಿದೆ.

ನಮ್ಮೂರಲ್ಲಿ ಹಿಂದೆ ಎರಡು ಪಾರ್ಟಿ. ನಮ್ಮ ತಾತ ಯಾವುದಕ್ಕೂ ಸೇರಲಿಲ್ಲ. ಅವರೇನು ಮಹಾ ಧೈರ್ಯಸ್ಥರಲ್ಲ, ಮನೆ ಮುಂದೆ ನೆಲದಡಿ ಧಾನ್ಯ ತುಂಬಿಡುವ ಹಗೇವು ಇತ್ತು, ಅಷ್ಟೇ. ಬಾಯಿ ಕಿರಿದು, ಒಳಗೆ ಕೋಣೆಯಷ್ಟು ಅಗಲ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆದ ದಿನ ಮೊದಲು ದೀಪ ಇಳಿಬಿಡುತ್ತಿದ್ದರು. ಆರಿತೋ, ಒಳಗೆ ಉಸಿರಾಡುವ ಗಾಳಿ ಇಲ್ಲ ಅಂತ, ಯಾರೂ ಇಳಿಯುವ ಹಾಗಿಲ್ಲ. ಬರ ಬಂದರೂ ಸೇರು ರಾಗಿಗೆ ಇನ್ನೊಬ್ಬರ ಜಗಲಿ ಮುಂದೆ ನಿಲ್ಲುವ ಗತಿ ಅವರಿಗೆ ಬರಲಿಲ್ಲ.

ಅಲಿಪ್ತ ನೀತಿ ಬೆಳೆದದ್ದು ಇಂಥ ಸಭೆಗಳಲ್ಲಿ: 1955ರಲ್ಲಿ ಇಂಡೊನೇಷ್ಯಾದ ಬಾಂಡುಂಗ್‌ನಲ್ಲಿ 29 ದೇಶ, 1961ರಲ್ಲಿ ಯುಗೊಸ್ಲಾವಿಯದ ಬೆಲ್‌ಗ್ರೇಡ್‌ನಲ್ಲಿ 25 ದೇಶ ಸೇರಿದವು. ನೆಹರೂ, ಈಜಿಪ್ಟಿನ ನಾಸೆರ್, ಯುಗೊಸ್ಲಾವಿಯದ ಟಿಟೊ, ಇಂಡೊನೇಷ್ಯಾದ ಸುಕರ್ನೊ, ಘಾನಾದ ಎನ್‌ಕ್ರುಮಾ ಅಲ್ಲಿ ಸುಮ್ಮನೆ ಕೈಕಟ್ಟಿ ಕೂತವರಲ್ಲ, ಚೌಕಾಸಿಯಲ್ಲಿ ಪಳಗಿದವರು. ಅಸ್ವಾನ್ ಅಣೆಕಟ್ಟಿಗೆ ಕೊಡುತ್ತೇನೆಂದ ದುಡ್ಡನ್ನು ಅಮೆರಿಕ 1956ರಲ್ಲಿ ವಾಪಸ್ ತೆಗೆದುಕೊಂಡಾಗ ನಾಸೆರ್ ಸೂಯೆಜ್ ಕಾಲುವೆಯನ್ನೇ ರಾಷ್ಟ್ರೀಕರಿಸಿ, ಆಮೇಲೆ ಸೋವಿಯತ್ ನೆರವಿನಲ್ಲಿ ಅಣೆಕಟ್ಟು ಕಟ್ಟಿಸಿದರು. ನಾವೂ ಉಕ್ಕಿನ ಕಾರ್ಖಾನೆಗಳನ್ನು ಭಿಲಾಯಿಯಲ್ಲಿ ಸೋವಿಯತ್, ರೂರ್ಕೆಲಾದಲ್ಲಿ ಪಶ್ಚಿಮ ಜರ್ಮನಿ, ದುರ್ಗಾಪುರದಲ್ಲಿ ಬ್ರಿಟನ್ ನೆರವಿನಿಂದ ಕಟ್ಟಿಕೊಂಡೆವು.

ಆದರೆ ಕಣಜ ಖಾಲಿ. ನಾನು ಓದಿದ ಶಾಲೆಯಲ್ಲಿ ಮಧ್ಯಾಹ್ನ ಅಮೆರಿಕದ ಗೋಧಿನುಚ್ಚಿನ ಉಪ್ಪಿಟ್ಟು. ಪುಸ್ತಕಕ್ಕೆ ಹಾಕಿದ ರಟ್ಟು ಸೋವಿಯತ್ ಪತ್ರಿಕೆಯ ನುಣುಪು ಹಾಳೆ. ನನ್ನ ಪಾಲಿನ ಅಲಿಪ್ತ ನೀತಿ ಅದೇ! ಉಪ್ಪಿಟ್ಟಿನ ಹಿಂದಿನ ಕಥೆ ಆಮೇಲೆ ಓದಿ ತಿಳಿದದ್ದು. 1965-66ರ ಬರದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಗೋಧಿಯನ್ನು ಒಟ್ಟಿಗೆ ಕೊಡದೆ ತಿಂಗಳ ಲೆಕ್ಕದಲ್ಲಿ ಅಳೆದು ಅಳೆದು ಕಳಿಸಿದರು. ವಿಯೆಟ್ನಾಂ ಯುದ್ಧದ ಬಗ್ಗೆ ನಾವು ಆಡಿದ ಮಾತು ಅವರಿಗೆ ಹಿಡಿಸಿರಲಿಲ್ಲ. 1966ರಲ್ಲಿ ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ತರಿಸಿಕೊಂಡ ದೇಶ ನಮ್ಮದು. 1962ರಲ್ಲಿ ಚೀನಾ ನುಗ್ಗಿದಾಗ ನೆಹರೂ ನೆರವು ಕೇಳಿ ಅಮೆರಿಕದ ಅಂದಿನ ಅಧ್ಯಕ್ಷ ಕೆನಡಿಗೆ ಪತ್ರ ಬರೆದದ್ದೂ ಉಂಟು. ಹಾಗಾಗಿ ಆ ಕಾಲವನ್ನು ಬರೀ ಹೊಗಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

ಈಗ ಗೋಧಿಯ ಜಾಗಕ್ಕೆ ಎಣ್ಣೆ ಬಂದಿದೆ. ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನದು. ರಷ್ಯಾದ ತೈಲ ಕೊಂಡೆವೆಂದು 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 25ರಷ್ಟು ಹೆಚ್ಚುವರಿ ಸುಂಕ ಹೇರಿತು.

ಮಂಗಳೂರು, ಉಡುಪಿ ಜಿಲ್ಲೆಯ ಪಾದೂರು, ಆಚೆ ವಿಶಾಖಪಟ್ಟಣ, ಈ ಮೂರು ಕಡೆ ಬಂಡೆ ಕೊರೆದು ನೆಲದಡಿ ತೈಲ ತುಂಬಿಡಲು ಜಾಗ ಮಾಡಿದ್ದಾರೆ. ಹಗೇವೇ ಸರಿ! ಮೂರೂ ಸೇರಿ ಹಿಡಿಯುವುದು 53.3 ಲಕ್ಷ ಟನ್, ದೇಶದ ಸುಮಾರು ಒಂಬತ್ತೂವರೆ ದಿನದ ಖರ್ಚು. ತೈಲ ಕಂಪನಿಗಳ ದಾಸ್ತಾನು ಬೇರೆ ಇದೆ, ಒಪ್ಪಿದೆ. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್, ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್ ಸಂಗ್ರಹಕ್ಕೆ 2021ರ ಜುಲೈನಲ್ಲೇ ಸರ್ಕಾರ ಒಪ್ಪಿಗೆ ಕೊಟ್ಟಿದೆ.

ಆ ಕೆಲಸ ಎಲ್ಲಿಗೆ ಬಂತು, ಯಾವ ವರ್ಷಕ್ಕೆ ಮುಗಿಯುತ್ತದೆ, ಮುಗಿದಿರುವ ಮೂರರೊಳಗೆ ಇವತ್ತು ಎಷ್ಟು ತುಂಬಿದೆ? ದಯವಿಟ್ಟು ಕೇಳಿ. ಉತ್ತರವನ್ನು ಕನ್ನಡ ಪತ್ರಿಕೆಗಳಿಗೂ ಕೊಡಿ, ನಮ್ಮೂರಿನ ಅರಳಿಕಟ್ಟೆಯಲ್ಲಿ ನಾನೇ ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ