ಮಗುವಿನ ಭಾಷೆಯೂ ಅದರ ಹಕ್ಕು

ಮಾನ್ಯರೇ,

ಬರ್ಲಿನ್‌ನಲ್ಲಿದ್ದ ಗುಜರಾತಿ ದಂಪತಿಯ ಏಳು ತಿಂಗಳ ಹೆಣ್ಣುಮಗುವನ್ನು, ಗಾಯವೊಂದನ್ನು ಕಂಡು ಅನುಮಾನಗೊಂಡ ಜರ್ಮನಿಯ ಮಕ್ಕಳ ಕಲ್ಯಾಣ ಇಲಾಖೆ 2021ರ ಸೆಪ್ಟೆಂಬರ್‌ನಲ್ಲಿ ತನ್ನ ವಶಕ್ಕೆ ತೆಗೆದುಕೊಂಡಿತು. ಪೋಷಕರ ಮೇಲಿನ ಕ್ರಿಮಿನಲ್ ಪ್ರಕರಣ 2022ರಲ್ಲೇ ಮುಕ್ತಾಯವಾಯಿತು. ಆದರೂ 2023ರ ಜೂನ್‌ನಲ್ಲಿ ಅಲ್ಲಿನ ಕೌಟುಂಬಿಕ ನ್ಯಾಯಾಲಯ ಮಗುವನ್ನು ಅವರಿಗೆ ಒಪ್ಪಿಸಲಿಲ್ಲ, ಭಾರತಕ್ಕೆ ಕಳಿಸುವ ಕೋರಿಕೆಯನ್ನೂ ಮನ್ನಿಸಲಿಲ್ಲ.

ಹೆತ್ತವರು ತಪ್ಪಿತಸ್ಥರೋ ಅಲ್ಲವೋ ಎಂಬ ತೀರ್ಪನ್ನು ಇಲ್ಲಿ ಕುಳಿತು ನಾವು ಕೊಡಲಾಗದು. ಹೊಡೆತ ತಿನ್ನುವ ಮಕ್ಕಳನ್ನು ಕಾಪಾಡುವ ಇಲಾಖೆಗಳು ಬೇಕೇ ಬೇಕು. ನನ್ನ ಸಂಕಟ ಬೇರೆ. ಮಾತು ಬರುವ ಮೊದಲೇ ಮನೆಯಿಂದ ದೂರವಾದ ಮಗುವಿಗೆ ಜರ್ಮನ್ನೇ ಮಾತೃಭಾಷೆಯಾಗುತ್ತದೆ. ಭೇಟಿಗೆ ಬಂದ ಅಮ್ಮನ ಮಾತು ಅರ್ಥವಾಗುವುದಿಲ್ಲ. ಪ್ರಕರಣ ಎಳೆದಷ್ಟೂ ಮಗು ಸಾಕಿದವರಿಗೇ ಅಂಟಿಕೊಳ್ಳುತ್ತದೆ, ಆಮೇಲೆ ಆ ಅಂಟನ್ನೇ ಹೆತ್ತವರ ವಿರುದ್ಧ ವಾದವಾಗಿ ಬಳಸಬಹುದು. ಇದು ನ್ಯಾಯವೇ?

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿ, ಇಂಥ ಮಗುವಿನ ಧರ್ಮ, ಸಂಸ್ಕೃತಿ, ಭಾಷೆಯ ಹಿನ್ನೆಲೆಯನ್ನು ಗಮನಿಸಲೇಬೇಕು ಎನ್ನುತ್ತದೆ. ಜರ್ಮನಿ ಅದಕ್ಕೆ ಸಹಿ ಹಾಕಿದ ದೇಶ. ನಾರ್ವೆಯಲ್ಲಿ ಇಂಥದೇ ಸಂದರ್ಭದಲ್ಲಿ, 2012ರಲ್ಲಿ, ಇಬ್ಬರು ಮಕ್ಕಳನ್ನು ಚಿಕ್ಕಪ್ಪನ ಸುಪರ್ದಿಗೆ ಕೊಟ್ಟು ಭಾರತಕ್ಕೆ ಕಳಿಸಿದ್ದರು.

ನಮ್ಮ ಎಷ್ಟೋ ಕನ್ನಡ ಕುಟುಂಬಗಳೂ ಕೆಲಸಕ್ಕೆಂದು ಜರ್ಮನಿಯಲ್ಲಿವೆ. ವಿದೇಶಾಂಗ ಸಚಿವಾಲಯ ಇನ್ನಷ್ಟು ಒತ್ತಡ ತರಲಿ. ಪ್ರಕರಣ ಇತ್ಯರ್ಥವಾಗುವವರೆಗೆ ಮಗುವಿಗೆ ಗುಜರಾತಿ ಕಲಿಸುವ ಏರ್ಪಾಡಾಗಲಿ, ಅಜ್ಜ-ಅಜ್ಜಿಯರ ಭೇಟಿಗೆ ಅವಕಾಶವಿರಲಿ. ಮರಳಿಸುವುದಾದರೆ, ಸಾಕಿದವರಿಂದ ಒಮ್ಮೆಲೇ ಕಿತ್ತುಕೊಳ್ಳದೆ ಹಂತಹಂತವಾಗಿ ಮರಳಿಸಲಿ.

- ಓರ್ವ ಓದುಗ, ಮೈಸೂರು